ಮಾವನ ರೈಫಲ್ಲಿಗೆ ನಾನು ತೋಟಾ ಆರಿಸಿದ್ದು

ತೋಟಾ ಆರಿಸುವುದು ಏನು ಮಹಾ ವಿದ್ಯೆ? ದೆಹಲಿಯ ಕರೋಲ್ ಬಾಗಿನಲ್ಲಿ ಇಪ್ಪತ್ತು ವರ್ಷದಿಂದ ಹೋಟೆಲ್ ನಡೆಸುವ ನಾನು ಕಣ್ಣು ಮುಚ್ಚಿ ಬೆರಳಲ್ಲೇ ಉದ್ದಿನಬೇಳೆ ಆರಿಸುವವನು. ಮೂರನೇ ಟೇಬಲ್ಲಿನ ದೋಸೆ ನಾಲ್ಕನೇ ಟೇಬಲ್ಲಿಗೆ ಹೋದರೆ ಸಪ್ಲೈಯರ್ ರಮೇಶನ ಜನ್ಮ ಜಾಲಾಡುವವನು!

ಆದರೆ ನನ್ನ ಹೆಂಡತಿ ಪೊನ್ನಮ್ಮ ಕೊಡಗಿನವಳು. ಅವಳ ಅಪ್ಪ ನಿವೃತ್ತ ಸುಬೇದಾರರು, ಪೀತಮ್‌ಪುರದಲ್ಲಿ ನಮ್ಮ ಜೊತೆಗೇ ಇದ್ದಾರೆ. ಕೊಡಗಿನವರಲ್ಲಿ ಮಗು ಹುಟ್ಟಿದರೂ ಗುಂಡು ಹಾರಿಸುತ್ತಾರೆ, ಹಬ್ಬಕ್ಕೂ ಗುಂಡು. ವರ್ಷಕ್ಕೊಮ್ಮೆ ಇಲ್ಲಿನ ಕೊಡಗಿನವರೆಲ್ಲ ಊರಾಚೆಯ ಶೂಟಿಂಗ್ ರೇಂಜಿನಲ್ಲಿ ಸೇರಿ ಮುನ್ನೂರು ಮೀಟರ್ ದೂರದ ಗುರಿಗೆ ಹೊಡೆಯುತ್ತಾರೆ. ಹತ್ತು ವರ್ಷದಿಂದ ನಾನಲ್ಲಿ ಚಿತ್ರಾನ್ನ ಬಡಿಸುತ್ತಿದ್ದೆ. ಹಾಗಾಗಿ ನನ್ನ ಹೆಸರೇ ‘ಚಿತ್ರಾನ್ನದ ಅಳಿಯ’! ಈ ಸಲ ನಾನೂ ಗುರಿ ಹೊಡೆದು ಆ ಬಿರುದು ಕಳಚಲೇಬೇಕೆಂದು ಪಣ ತೊಟ್ಟೆ.

“ಹಾಗಾದ್ರೆ ಯಾವ ತೋಟಾ ಒಳ್ಳೇದು ನೋಡಿಡಿ ಅಳಿಯಂದ್ರೇ,” ಎಂದರು ಮಾವ.

ಒಂದು ತಿಂಗಳು ಫೋನಿನಲ್ಲಿ ವಿಡಿಯೊ ನೋಡಿದೆ. ಅಡುಗೆಮನೆಯಲ್ಲಿ ಇಡ್ಲಿಯನ್ನೂ ನುಗ್ಗೆಕಾಯಿಯನ್ನೂ ಎತ್ತಿ ಹಿಡಿದು ರಮೇಶನಿಗೆ ಉಪನ್ಯಾಸ ಕೊಟ್ಟೆ. “ನೋಡೋ, ಉದ್ದ, ಸಪೂರ, ಭಾರ. ಇಂಥ ಗುಂಡು ಗಾಳಿಗೆ ಜಗ್ಗೋದಿಲ್ಲ!”

“ಸಾರ್, ಸಾಂಬಾರ್ ತಳ ಹಿಡೀತಿದೆ.”

ಕೊನೆಗೆ ಮಾವನೊಂದಿಗೆ ಬಂದೂಕಿನ ಅಂಗಡಿಗೆ ಹೋಗಿ ಅಲ್ಲಿಯೂ ಉಪನ್ಯಾಸ ಮುಗಿಸಿದೆ. ಅಂಗಡಿಯವನು ವಿನಯದಿಂದ ಕೇಳಿದ, “ಅಚ್ಛಾ ಸರ್‌ಜೀ, ರೈಫಲ್ ಕೌನ್ ಸೀ ಹೈ?”

ರೈಫಲ್ ಯಾವುದು! ಅದನ್ನೇ ವಿಚಾರಿಸಿರಲಿಲ್ಲ. ಮಾವ ರೈಫಲ್ಲಿನ ವಿವರವಿದ್ದ ತಮ್ಮ ಲೈಸೆನ್ಸ್ ಮುಂದಿಟ್ಟರು. ಅವನು ಒಂದು ಡಬ್ಬಿ ಇಟ್ಟ. ಆ ಹಳೇ ರೈಫಲ್ಲಿಗೆ ಹಿಡಿಸುವುದು ಒಂದೇ ಜಾತಿಯ ತೋಟಾ ಅಂತೆ!

“ಮೊದಲೇ ಹೇಳಬಾರದಿತ್ತಾ ಮಾವ?”

“ಅಷ್ಟು ಚೆನ್ನಾಗಿ ಮಾತಾಡ್ತಿದ್ರಿ. ನಿಲ್ಲಿಸೋಕೆ ಮನಸ್ಸೇ ಬರಲಿಲ್ಲ.”

ಹೋಗಲಿ, ಗುರಿಯಾದರೂ ನನ್ನದಲ್ಲವೇ! ರೇಂಜಿನಲ್ಲಿ ಗುರಿಯ ಕಾಗದಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮೂರನೆಯದು ನನ್ನದು, ನಾಲ್ಕನೆಯದು ಪೊನ್ನಮ್ಮನದು. ಅವಳು ಐದು ಗುಂಡು ಹೊಡೆದು ಎದ್ದಳು. ನಾನು ಬೋರಲು ಮಲಗಿ, ಹುಲ್ಲಿನ ಓಲಾಟದಲ್ಲಿ ಗಾಳಿ ಅಳೆದು, ಉಸಿರು ಬಿಗಿಹಿಡಿದು ಐದೂ ಗುಂಡು ಹಾರಿಸಿದೆ.

ಮಾವ ದೂರದರ್ಶಕದಲ್ಲಿ ಕಣ್ಣಿಟ್ಟರು. “ಅಳಿಯಂದ್ರೇ, ನಿಮ್ಮ ಕಾಗದ ಹೊಸದಾಗೇ ಇದೆ. ವಾಪಸ್ ಕೊಡಬಹುದು.” ಆಮೇಲೆ ಗಾಬರಿಯಿಂದ, “ಪೊನ್ನೀ, ಐದು ಗುಂಡಿಗೆ ಹತ್ತು ತೂತು ಹೇಗೆ ಬಿತ್ತು?”

ಪೊನ್ನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ರೀ, ಮೂರನೇ ಟೇಬಲ್ ದೋಸೆ ನಾಲ್ಕನೇ ಟೇಬಲ್ಲಿಗೆ ಇಟ್ಬಿಟ್ರಲ್ಲಾ!”

“ನಟ್ಟನಡುವಿನ ಎರಡು ನನ್ನವು ಕಣೇ!” ಎಂದು ಅಂಗಲಾಚಿದೆ.

“ನನ್ನ ಕಾಗದ, ನನ್ನ ತೂತು!”

ಕಪ್ ಅವಳಿಗೆ. ಸೌಟು ನನಗೆ.

ಮರುದಿನ ರಮೇಶ ಮೂರನೇ ಟೇಬಲ್ಲಿನ ಮಸಾಲೆದೋಸೆಯನ್ನು ನಾಲ್ಕನೆಯದಕ್ಕೆ ಇಟ್ಟು, ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿ ನಿಂತ. ನಾನು ಮೂರನೇ ಟೇಬಲ್ಲಿಗೆ ಇನ್ನೊಂದು ದೋಸೆ ಹೊಯ್ದೆ.