ಸುಬೇದಾರ ಬಿಟ್ಟರೆ ಹೋಗಬೇಕು

ಕರುವಿನಷ್ಟು ಎತ್ತರದ ನಾಯಿ ಇರುವ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯದಿದ್ದರೆ ನಾಯಿ ಮಲಗಿದೆ ಎಂದು ತಿಳಿಯಬೇಕು.

ನಮ್ಮ ನಾಯಿ ಹಿಮಾಲಯದ ಕಡೆ ಕುರಿ ಕಾಯುವ ಜಾತಿಯದು. ಸೈನ್ಯದಲ್ಲಿದ್ದ ನಮ್ಮ ಯಜಮಾನರು ನಿವೃತ್ತರಾಗಿ ಕಲಬುರಗಿಗೆ ಬರುವಾಗ ಮರಿಯನ್ನು ಎತ್ತಿಕೊಂಡು ಬಂದರು. ತಾವು ಹವಾಲ್ದಾರರಾಗಿಯೇ ಉಳಿದವರು ನಾಯಿಗೆ ಸುಬೇದಾರ ಎಂದು ಹೆಸರಿಟ್ಟರು.

೧. ಕಂಬಳಿ

ಸೇಡಂ ರಸ್ತೆಯ ಬಿಸಿಲು ನೋಡಿ ಪಕ್ಕದ ಮನೆಯಾಕೆ ಮರುಗಿದರು. "ಟೀಚರ್ ರೀ, ಇಂಥಾ ಬ್ಯಾಸಗ್ಯಾಗ ಕಂಬಳಿ ಹೊದಿಸಿ ಕೂಡಿಸೀರಿ. ಬೋಳಿಸ್ರಿ ಪಾಪ."

ದನದ ಡಾಕ್ಟರು ಬೇಡವೆಂದರು. ಬಿಸಿಲು ತಡೆಯುವುದೇ ಆ ಕೂದಲು. ನೆರಳು, ನೀರು ಕೊಟ್ಟು, ಉದುರುವ ಒಳಗೂದಲನ್ನು ಬಾಚಿ ತೆಗೆದರೆ ಸಾಕು. ನಾನು ಭಾನುವಾರ ಬೇವಿನ ಕೆಳಗೆ ಕೂತು ಬಾಚಿದೆ. ಪಕ್ಕದ ಮನೆಯಾಕೆ ಇಣುಕಿ, ರಾಶಿಯನ್ನೂ ನಾಯಿಯನ್ನೂ ನೋಡಿದರು.

"ಇನ್ನೊಂದು ಯಾವಾಗ ತಂದ್ರಿ?"

"ಅದು ರಿಟೈರ್ ಆಗಿದ್ದು ರೀ" ಎಂದರು ನಮ್ಮವರು.

೨. ಮಾತಾಡಿಸಲು ಬಂದವರು

ಹೊರಡುವವರು "ಬರ್ತೇನ್ರೀ" ಎನ್ನುತ್ತಿದ್ದರು, ನಮ್ಮವರು "ಆತು" ಎನ್ನುತ್ತಿದ್ದರು, ಸುಬೇದಾರ ಗೇಟಿನಿಂದ ಏಳುತ್ತಿದ್ದ. ಹೇಳದೆ ಎದ್ದವರು ಅವನ ಲೆಕ್ಕದಲ್ಲಿ ಹಿಂಡು ತಪ್ಪಿದ ಕುರಿ.

ಹೋದ ವರ್ಷ ನಮ್ಮವರು ತೀರಿಕೊಂಡರು. ಸಾವಿನ ಮನೆಯಲ್ಲಿ "ಬರ್ತೇನಿ" ಎನ್ನಬಾರದು. ಸುಮ್ಮನೆ ಎದ್ದು ಹೋಗಬೇಕು. ಮಾತಾಡಿಸಲು ಬಂದವರೆಲ್ಲ ಸುಮ್ಮನೆ ಎದ್ದರು. ಸುಬೇದಾರ ಬೊಗಳಲಿಲ್ಲ, ಕಚ್ಚಲಿಲ್ಲ. ಒಬ್ಬೊಬ್ಬರನ್ನೇ ತಲೆಯಿಂದ ನೂಕಿ ಪಡಸಾಲೆಗೆ ಸೇರಿಸಿದ. ಮತ್ತೆ ಕೂತವರು ಸುಮ್ಮನೆ ಕೂಡಲಾಗದೆ ಮತ್ತೆ ಅತ್ತರು.

ಕೊನೆಗೆ ನಮ್ಮವರ ಸೋದರತ್ತೆ, ಕೋಟನೂರಿನವರು, ಎದ್ದರು. "ಬಸ್ ತಪ್ತದ. ಸತ್ತಾಂವ ನಮ್ಮ ಮನಿಯಾಂವನ, ತಪ್ಪು ತಿಳಕೊಳ್ಳಾಂಗಿಲ್ಲ." ಬಾಗಿ ನಾಯಿಯ ಕಿವಿಯಲ್ಲಿ ಮೆಲ್ಲಗೆ "ಬರ್ತೇನಪಾ" ಎಂದರು. ಸುಬೇದಾರ ಏಳಲಿಲ್ಲ, ಒಳಬಾಗಿಲ ಕಡೆ ನೋಡಿದ. "ಆತು" ಎನ್ನುವವರು ಇರಲಿಲ್ಲ. ನಾನೇ ಅಂದೆ.

ಉಳಿದ ನೆಂಟರು ಅತ್ತೆಯ ಹಿಂದೆ ಸಾಲುಗಟ್ಟಿ, ಒಬ್ಬೊಬ್ಬರಾಗಿ ನಾಯಿಯ ಕಿವಿಗೆ ಬಾಗಿ ಹೊರಟರು. ರಸ್ತೆಯವರು ಹರಕೆ ಎಂದುಕೊಂಡರು.

೩. ಟಗರು

ಅಂದು ಬಸ್ಸು ತಪ್ಪಿದವರಲ್ಲಿ ನನ್ನ ಮೈದುನನೂ ಒಬ್ಬ. "ವೈನಿ, ಕುರಿ ಕಾಯೂ ನಾಯಿ ಕುರ್‍ಯಾಗ ಇರಬೇಕು" ಎಂದು ಸುಬೇದಾರನನ್ನು ಕಮಲಾಪುರದ ಒಬ್ಬ ಕುರಿಗಾರನಿಗೆ ಒಪ್ಪಿಸಿ ಬಂದ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಭಾನುವಾರ ಬಾಚಣಿಕೆ ಹಿಡಿದು ಬೇವಿನ ಕೆಳಗೆ ಸುಮ್ಮನೆ ಕೂತಿದ್ದೆ.

ತಿಂಗಳು ತುಂಬುವ ಮೊದಲೇ ಕುರಿಗಾರ ಟಂಟಂ ಆಟೋದಲ್ಲಿ ಬಂದಿಳಿದ. ಒಂದು ಕೈಯಲ್ಲಿ ಕೆಂಪು ಬಾಳೆಹಣ್ಣು, ಇನ್ನೊಂದರಲ್ಲಿ ಸುಬೇದಾರ. ಮೈದುನ ಅಲ್ಲೇ ಇದ್ದ.

"ಯಾಕೋ, ಕುರಿ ಕಾಯಲಿಲ್ಲೇನು?"

"ಕಾಯ್ತದ್ರೀ. ತೋಳ ಸುಳೀಲಿಲ್ಲ, ಕಳ್ಳ ಸುಳೀಲಿಲ್ಲ. ಟಗರು ತಗೊಂಡ ಗಿರಾಕಿನ್ನೂ ಬಿಡಲಿಲ್ಲ."

"‘ಬರ್ತೇನಿ’ ಅನಬೇಕು ಅಂತ ಹೇಳಿದ್ದೆನಲ್ಲ."

"ಗಿರಾಕಿ ಅಂದಾನ್ರೀ. ನಾನೂ ‘ಆತು’ ಅಂದೀನಿ. ಗಿರಾಕಿ ಹೊರಗ ಹೋದ, ಟಗರು ಒಳಗ ಉಳೀತು."

"ಅದ್ಯಾಕ?"

ಕುರಿಗಾರ ಬೇಸರದಿಂದ ಹೇಳಿದ: "ಟಗರೂ ಅನಬೇಕಲ್ರೀ."

ಹಗ್ಗವನ್ನು ನನ್ನ ಕೈಗೆ ಕೊಟ್ಟು "ಬರ್ತೇನ್ರೀ ಮೇಡಮ್" ಎಂದ. ಸುಬೇದಾರ ನನ್ನ ಮುಖ ನೋಡಿದ. "ಆತು" ಅಂದೆ.

ಮೈದುನನಿಗೆ ಸಿಟ್ಟು ಬಂತು. ಹೇಳದೆ ಕೇಳದೆ ಎದ್ದು ಗೇಟಿನ ಕಡೆ ನಡೆದ.

ಊಟಕ್ಕೆ ನಮ್ಮಲ್ಲೇ ಇದ್ದ.