ಡೆರಿಕ್ ಪತ್ತೆಮಾಡಿದ ಕಲಬೆರಕೆ

ಜನಕ್ಕೆ ತಮ್ಮ ಗಿಡದ ಹೆಸರೇ ಗೊತ್ತಿಲ್ಲ! ಗಿಂಪಿ ಎಂಬ ಊರಿನ ಆರ್ಕಿಡ್ ಹೂಗಿಡಗಳ ಸಂಘದಲ್ಲಿ ಡೆರಿಕ್ ಪಾಸ್ಕೋನ ಜೀವನದ ಪರಮ ದುಃಖ ಇದೊಂದೇ. ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡು ಯಾರ ಮನೆಗೆ ಹೋದರೂ (ಸಾವಿನ ಮನೆಯಾದರೂ ಸರಿ) ಮೊದಲು ಕುಂಡಕ್ಕೆ ಸಿಕ್ಕಿಸಿದ ಚೀಟಿ ನೋಡುತ್ತಿದ್ದ, ಆಮೇಲೆ ಮನೆಯವರ ಮುಖ. ಗಿಡ ನೋಡುತ್ತಿದ್ದದ್ದು ಅಪರೂಪ.

ವಸಂತದ ಪ್ರದರ್ಶನದ ಬಹುಮಾನದ ಕಪ್ಪು ಈ ಸಲ ಅವನಿಗೆ ಬೇಕೇ ಬೇಕಿತ್ತು. ಪ್ರತಿವರ್ಷ ಅದನ್ನು ಬ್ಯಾರಿ ಕ್ರಾನಿಚ್ ಹೊಡೆದುಕೊಂಡು ಹೋಗುತ್ತಿದ್ದ. ಬ್ಯಾರಿ ಮೊದಲು ಮಾಂಸದಂಗಡಿ ಇಟ್ಟಿದ್ದವನು.

"ಕುರಿ ಕಡಿಯೋನಿಗೆ ಕಿಂಗಿಯಾನಮ್ ಏನು ಗೊತ್ತು?" ಎಂದು ಡೆರಿಕ್ ಹಲ್ಲು ಕಡಿದ.

ಕಪ್ಪು ಇದ್ದದ್ದು ಶುದ್ಧ ಆರ್ಕಿಡ್ ಜಾತಿಯಾದ ಕಿಂಗಿಯಾನಮ್‌ಗೆ. ಅದರ ಕಲಬೆರಕೆ ಸಂತಾನ ಡೆಲಿಕೇಟಮ್, ನೋಡಲು ಥೇಟ್ ಅಮ್ಮನ ಹಾಗೆಯೇ; ಸ್ವಲ್ಪ ಎತ್ತರ, ಸ್ವಲ್ಪ ಬಿಳಿಚು, ಅಷ್ಟೇ. ಹೆಸರು ತಪ್ಪಿದರೆ ಗಿಡ ಔಟ್.

"ಡೆರಿಕ್, ನೀನು ಕಿಂಗಿಯಾನಮ್ ಅಂತ ಪ್ರದರ್ಶನಕ್ಕಿಡ್ತಿರೋ ಗಿಡ ನಮ್ಮಮ್ಮ ಕೊಟ್ಟಿದ್ದು. ಡೆಲಿಕೇಟಮ್ ಅಂತಾನೇ ಚೀಟಿ ಇತ್ತು, ನೀನು ಕಿತ್ತೆಸೆದೆ" ಎಂದಳು ಹೆಂಡತಿ ಗ್ಲೆನಿಸ್.

"ನಿಮ್ಮಮ್ಮ ನನ್ನನ್ನೂ ಹತ್ತು ವರ್ಷ ಡೆನಿಸ್ ಅಂತಿದ್ರು! ತಿಳೀದೇ ಇರೋ ವಿಷಯಕ್ಕೆ ಬಾಯಿ ಹಾಕಬೇಡ."

ಅವನ ಸೊಂಟ ಹಿಡಿದುಕೊಂಡಿತ್ತು. ಆದ್ದರಿಂದ ಎಲೆ ಒರೆಸಿ, ಹೊಸ ಕುಂಡಕ್ಕೆ ಬದಲಿಸಿ, ಬಾಗಿದ ಹೂಗೊಂಚಲಿಗೆ ಕಡ್ಡಿ ಕಟ್ಟಿ, ಪ್ರದರ್ಶನದ ಹಾಲ್ ಒಳಕ್ಕೆ ಹೊತ್ತು ಒಯ್ದವಳು ಗ್ಲೆನಿಸ್. ಡೆರಿಕ್ ಕಾರಿನಲ್ಲೇ ಕೂತು ಮಾರ್ಗದರ್ಶನ ದಯಪಾಲಿಸಿದ.

ಆಮೇಲೆ ಅವನು ಒಳಗೆ ಬಂದರೆ, ಎಲ್ಲ ಕುಂಡಕ್ಕೂ ಸಂಘದವರೇ ಬರೆದ ಒಂದೇ ಥರದ ಹೊಸ ಚೀಟಿ. ಮಾಲೀಕರ ಹೆಸರಿನ ಕಾರ್ಡು ಮಾತ್ರ ತೀರ್ಪು ಮುಗಿಯುವತನಕ ಬೋರಲು, ಅದು ಅಲ್ಲಿನ ಪದ್ಧತಿ. ನಟ್ಟನಡುವೆ ಒಂದು ಗಿಡ, ಅಬ್ಬಾ! ಮದುಮಗಳಂತೆ ನಿಂತಿತ್ತು. ಡೆರಿಕ್‌ನ ಕಣ್ಣು ಅದರ ಮೇಲೇ ಬಿತ್ತು. ಬ್ಯಾರಿಯದೇ! ಭೂತಗನ್ನಡಿ ಮೇಲೆದ್ದಿತು.

"ಡೋರೀನ್! ಇಲ್ಲಿ ಬನ್ನಿ! ಇದು ಕಿಂಗಿಯಾನಮ್ಮಾ? ಈ ಎತ್ತರ ನೋಡಿ, ಈ ಬಿಳಿಚು ನೋಡಿ. ಅಪ್ಪಟ ಡೆಲಿಕೇಟಮ್!"

ಗ್ಲೆನಿಸ್ ಅವನ ತೋಳು ಹಿಡಿದಳು. "ಡೆರಿಕ್, ಒಂದ್ನಿಮಿಷ..."

"ಸುಮ್ನಿರೇ! ಹೇಳಿದೀನಲ್ಲ, ಬಾಯಿ ಹಾಕಬೇಡ ಅಂತ. ಇಂಥ ಕಣ್ಣಿಲ್ಲದೋರಿಂದಾನೇ ಸಂಘದ ಮಾನ ಹೋಗ್ತಿರೋದು!"

ಅವಳು ತೋಳು ಬಿಟ್ಟು ಚಹಾ, ತೆಂಗಿನ ತುರಿಯ ಕೇಕು ಇಟ್ಟಿದ್ದ ಮೇಜಿನ ಕಡೆ ನಡೆದಳು.

ಮುಖ್ಯ ತೀರ್ಪುಗಾರ್ತಿ ಡೋರೀನ್ ಹೂವನ್ನು ತಿರುಗಿಸಿ ಮುರುಗಿಸಿ ನೋಡಿ ತಲೆದೂಗಿದರು. "ನಿಜ ಕಣಪ್ಪ. ಇದಕ್ಕೇ ಕಪ್ಪು ಅಂತಿದ್ವಿ. ಒಳ್ಳೇದಾಯ್ತು ನೀನು ಹೇಳಿದ್ದು." ಕೆಂಪು ಪಟ್ಟಿ ಅಂಟಿಸಿ, ಗಿಡ ಔಟ್ ಎಂದು ಸಾರಿ, ಕಾರ್ಡು ಮಗುಚಿದರು.

ಡಿ. ಪಾಸ್ಕೋ.

ಕಪ್ಪು ಈ ಸಲವೂ ಬ್ಯಾರಿಗೇ ಹೋಯಿತು. ಬ್ಯಾರಿ ಕಪ್ಪನ್ನು ಕಂಕುಳಲ್ಲಿ ಒತ್ತಿಕೊಂಡು ಬಂದು ಕೈಕುಲುಕಿದ. "ಉಪಕಾರ ಆಯ್ತು ಮಾರಾಯ. ನಂಗಂತೂ ವ್ಯತ್ಯಾಸಾನೇ ಗೊತ್ತಾಗಿರ್ಲಿಲ್ಲ. ಸೋತೆ ಅಂತಾನೇ ಅಂದ್ಕೊಂಡಿದ್ದೆ."

ಡೆರಿಕ್ ಹೆಂಡತಿಯ ಮೇಲೆ ಹರಿಹಾಯ್ದ: "ನಮ್ಮದೇ ಗಿಡ ಅಂತ ಬಾಯಿಬಿಟ್ಟು ಹೇಳಕ್ಕೇನಾಗಿತ್ತು ನಿಂಗೆ?"

ಗ್ಲೆನಿಸ್ ತುಟಿಗಂಟಿದ ತೆಂಗಿನ ತುರಿ ಒರೆಸಿಕೊಂಡಳು.

"ತಿಳೀದೇ ಇರೋದಕ್ಕೆ ಬಾಯಿ ಹಾಕಬೇಡ ಅಂದ್ಯಲ್ಲ. ಕೇಕಿಗೆ ಹಾಕಿದೆ."