ಬರ್ಫದ ಸೀಮೆಗೆ ಮೂರು ಆಳು

ನಾನು: ಟಗರು ಬಿಚ್ಚ್ರಿ ಅಂದ್ರ ಬಿಚ್ಚ್ರಿ. ಕುರಿ ಗಾಡಿ ಎಳದದ್ದು ಎಲ್ಲ್ಯರ ನೋಡೀರೇನು?

ನಮ್ಮವರು: ಅಲ್ಲಿ ನಾಯಿ ಎಳಿತಾವಂತ. ನಾಯಿಗಿಂತ ನನ್ನ ಟಗರು ಕಡಿಮ್ಯಾ?

ನಮ್ಮವರು, ನನ್ನ ಗಂಡ, ತೀರಿಕೊಳ್ಳುವ ಹಿಂದಿನ ದಿನದ ಮಾತಿದು. ನಿಜಾಮರ ಆಳ್ವಿಕೆ ಆಗಷ್ಟೇ ಹೋಗಿತ್ತು. ಮುಂಬೈಯಲ್ಲಿ ಹಡಗಿನ ಸರಕು ಹೊರುತ್ತಿದ್ದ ಲಾಡ್ಲೇಸಾಬ ನಮ್ಮೂರು ಮುದನಾಳಕ್ಕೆ ಒಂದು ಸುದ್ದಿ ತಂದಿದ್ದ. ಭೂಮಿಯ ದಕ್ಷಿಣದ ತುದಿಗೆ ಹಡಗು ಹೋಗುತ್ತದಂತೆ. ಅಲ್ಲಿ ನೀರೆಲ್ಲ ಹೆಪ್ಪುಗಟ್ಟಿ ಬರ್ಫವಾಗಿ ನಿಂತಿದೆಯಂತೆ. ಚಳಿಗೆ ಹೆದರದ ಆಳು ಬೇಕಂತೆ. ಅವನ ಜೊತೆ ಹೊರಡಲು ನಮ್ಮವರು ತಯಾರಾದರು. ಕಿರಾಣಿ ಅಂಗಡಿಯ ಲಿಂಗಣ್ಣ ಸಾಹುಕಾರರೂ ತಯಾರಾದರು.

ಭೀಮಾ ಹೊಳೆ ಬತ್ತಿ ಉಸುಕು ಬೆಳ್ಳಗೆ ಬಿದ್ದಿತ್ತು. ಅದರ ಮೇಲೆ ಹಲಗೆ ಇಟ್ಟು, ಎರಡು ಟಗರು ಕಟ್ಟಿ, ಸಾಹುಕಾರರನ್ನು ಕೂಡಿಸಿ ತಾಲೀಮು ನಡೆದಿತ್ತು. ಸುಡುವ ಬಿಸಿಲಲ್ಲಿ ಮೂವರೂ ಕಂಬಳಿ ಹೊದ್ದಿದ್ದರು.

ಲಾಡ್ಲೇಸಾಬ: ತಂಗಿ, ಈಗ ನಿಜಾಮನ ಸರಹದ್ದು ಇಲ್ಲ. ಯಾರು ಎಲ್ಲಿಗಿ ಬೇಕಾದ್ರೂ ಹೋಗಬಹುದು.

ನಾನು: ಆ ಬರ್ಫದ ಸೀಮಿನೂ ಹಿಂದೂಸ್ತಾನದಾಗ ಕೂಡ್ಯಾದೇನು?

ನಮ್ಮವರು: ಇನ್ನಾ ಇಲ್ಲ. ನಾವು ಹೋದಮ್ಯಾಲ ಕೂಡ್ತದ.

ಅಷ್ಟರಲ್ಲಿ ಟಗರು ನಿಂತವು. ಬಿಸಿಲೇರಿದರೆ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಲ್ಲುತ್ತವೆ. ಆಮೇಲೆ ಹೊಡೆದರೂ ಕದಲುವುದಿಲ್ಲ.

ಲಿಂಗಣ್ಣ: ಬೀರಣ್ಣಾ, ಗಾಡಿ ನಿಂತದಲ್ಲೋ!

ನಮ್ಮವರು: ಹೊತ್ತು ಮುಣುಗಲಿ ಸಾವಕಾರ್ರ, ನಡೀತಾವು.

ಲಾಡ್ಲೇಸಾಬ: ಅಲ್ಲಿ ತಿಂಗಳುಗಟ್ಟಲೆ ಹೊತ್ತೇ ಮುಣುಗಂಗಿಲ್ಲ.

ನಾನು: ಹಂಗಾರ ಸಾವಕಾರ್ರು ತಿಂಗಳುಗಟ್ಟಲೆ ಹಲಗಿ ಮ್ಯಾಲೇ ಕುಂದ್ರತಾರ. ಅಣ್ಣಾ, ರಂಜಾನ ಬಂದ್ರ ನೀ ರೋಜಾ ಯಾವಾಗ ಬಿಡ್ತಿ?

ಲಾಡ್ಲೇಸಾಬ ಕಂಬಳಿ ತೆಗೆದ.

ಲಾಡ್ಲೇಸಾಬ: ಯಾ ಅಲ್ಲಾ! ಈ ಮಾತು ಮುಂಬೈಯಾಗ ಯಾರೂ ಹೇಳಲೇ ಇಲ್ಲ ನೋಡು.

ಲಿಂಗಣ್ಣ: ನನಗಾ ಫಿಕರ್ ಇಲ್ಲಪ್ಪ.

ನಾನು: ನಿಮಗ ಜಳಕ ಇಲ್ದ ಲಿಂಗಪೂಜಿ ಇಲ್ಲ. ಪೂಜಿ ಇಲ್ದ ತುತ್ತು ಇಳಿಯಂಗಿಲ್ಲ. ಅಲ್ಲಿ ನೀರು ಕಲ್ಲು.

ಲಿಂಗಣ್ಣ: ಒಲಿ ಹಚ್ಚಿ ಕಾಸಿದ್ರಾತು.

ಲಾಡ್ಲೇಸಾಬ: ಒಂದು ಗಿಡ ಇಲ್ರಿ ಅಲ್ಲಿ. ಕಟಗಿ ಎಲ್ಲಿಂದ ತರ್ತೀರಿ?

ಸಾಹುಕಾರರು ಮೆಲ್ಲಗೆ ಹಲಗೆಯಿಂದ ಇಳಿದರು.

ನಮ್ಮವರು: ನನಗ ರೋಜಾನೂ ಇಲ್ಲ, ದಿನಾ ಜಳಕಾನೂ ಇಲ್ಲ. ನಾ ಒಬ್ಬನೇ ಹೋಗ್ತೀನಿ.

ನನ್ನ ನಗು ಅಲ್ಲಿಗೇ ನಿಂತಿತು. ಅವರು ಅಂದದ್ದನ್ನು ಮಾಡುವವರೇ.

ನಾನು: ರೊಟ್ಟಿ ಯಾರು ಬಡಿತಾರ?

ನಮ್ಮವರು: ನೀನೂ ಬಾ ಮತ್ತ.

ನಾನು: ಬರ್ತೀನಿ.

ಲಿಂಗಣ್ಣ: ಅವ್ವಾ ತಾಯಿ! ಬರೂ ಮನಸಿದ್ರ ಇಷ್ಟೊತ್ತು ಜಗಳ ಯಾತಕ್ಕ ತಗದಿ?

ನಾನು: ಇಷ್ಟೊತ್ತು ಯಾರು ಕರದಿದ್ರಿ?

ನಮ್ಮವರು ನಕ್ಕರು. ಕಂಬಳಿಯ ಅಂಚಿನಿಂದ ಬೆವರು ಒರೆಸಿಕೊಂಡರು.

ನಮ್ಮವರು: ಆತು. ನಿನ್ನ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ. ಬೀರಲಿಂಗನ ಆಣಿ.

ಮರುದಿನ ಮಧ್ಯಾಹ್ನ ಹೊಲದ ಬದುವಿನಲ್ಲಿ ಅವರಿಗೆ ಹಾವು ಕಡಿಯಿತು. ಸಂಜೆಯೊಳಗೆ ಹೋದರು. ನನ್ನನ್ನು ಕರೆಯಲಿಲ್ಲ.

ಈಗ ಅವರ ಕುರಿಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಹಟ್ಟಿಯಲ್ಲಿ ಒಂದು ಕುರಿಯ ಗೊರಸು ಕೊಳೆತಿದೆ. ದಿನಾ ಮುಂಜಾನೆ ತೊಳೆದು ಬೇವಿನೆಣ್ಣೆ ಹಚ್ಚುತ್ತೇನೆ. ಅದು ಒದೆಯುತ್ತದೆ. ನಾನು ಬೈಯುತ್ತೇನೆ. ಮತ್ತೆ ಹಚ್ಚುತ್ತೇನೆ.